ಚಪ್ಪಟೆ ಗೆರೆ, ಬಿಟ್ಟುಹೋದ ಅಂಕಿ

ಮಂಗಳವಾರ, 11 ಮಾರ್ಚ್ 2025

ದೂರದ ಊರುಗಳಿಂದ ಬರುವ ಮಕ್ಕಳ ಕಿವಿ ಪರೀಕ್ಷೆಗಳನ್ನು ಇಲ್ಲಿ ಕೂತು ನೋಡುವುದು ನನ್ನ ಕೆಲಸ. ಸಂಜೆಯ ಕಡತದಲ್ಲಿ ಮತ್ತೆ ಅದೇ. ಟಿಂಪನೋಮೆಟ್ರಿ (ಗಾಳಿಯ ಒತ್ತಡ ಬದಲಿಸಿ ಕಿವಿಯ ತಮಟೆ ಎಷ್ಟು ಅಲುಗುತ್ತದೆ ಅಂತ ನೋಡುವ ಪರೀಕ್ಷೆ) ಗೆರೆ ಚಪ್ಪಟೆ, ಕೆಳಗೆ "ಕಿವಿಯಲ್ಲಿ ನೀರು" ಅಂತ ಷರಾ. ಕಿವಿಯ ನಾಳದ ಗಾತ್ರ ತೋರಿಸುವ ಅಂಕಿ ಮಾತ್ರ ಫೋಟೊದಲ್ಲಿ ಇಲ್ಲ.

ಫೋನ್ ಮಾಡಿದರೆ ಆ ಕಡೆಯಿಂದ, "ಗೆರೆ ಏಳಲೇ ಇಲ್ಲ ಮೇಡಂ, ನೀರೇ ಅಲ್ವಾ?"

"ಗಾತ್ರ ಎಷ್ಟಿತ್ತು?"

"0.2 ಮಿ.ಲೀ."

"ಹಾಗಾದ್ರೆ ಮೊದಲು ಗುಗ್ಗೆ ಇದೆಯಾ ನೋಡಿ. ಇಲ್ಲದಿದ್ರೆ ಕಿವಿಗಿಟ್ಟ ಪ್ರೋಬ್ ತುದಿ ನಾಳದ ಗೋಡೆಗೆ ಒತ್ತಿರತ್ತೆ. ತೆಗೆದು, ಕಿವಿಯನ್ನ ಮೇಲಕ್ಕೆ, ಹಿಂದಕ್ಕೆ ಎಳೆದು ಮತ್ತೆ ಕೂರಿಸಿ."

ಚಪ್ಪಟೆ ಗೆರೆ ತಾನಾಗಿ ಏನನ್ನೂ ಹೇಳುವುದಿಲ್ಲ. ಮಗುವಿನ ನಾಳದ ಗಾತ್ರ ಸುಮಾರು 0.3ರಿಂದ 1 ಮಿ.ಲೀ. ಒಳಗಿದ್ದು ಗೆರೆ ಚಪ್ಪಟೆಯಾದರೆ ತಮಟೆಯ ಹಿಂದೆ ನೀರಿರುವ ಸಾಧ್ಯತೆ ಹೆಚ್ಚು. ಅದಕ್ಕಿಂತ ತೀರಾ ದೊಡ್ಡದಿದ್ದರೆ ತಮಟೆಯಲ್ಲಿ ತೂತಿದೆ, ಅಥವಾ ತಮಟೆಗೆ ಕೂರಿಸಿದ ಗ್ರೊಮೆಟ್ ಕೊಳವೆ ತೆರೆದಿದೆ. ಒಂದೇ ಗೆರೆ, ಮೂರು ದಾರಿ. 6 ತಿಂಗಳೊಳಗಿನ ಕೂಸಿಗೆ 226 ಹರ್ಟ್ಸ್ ಸ್ವರ ಬಳಸಿದರಂತೂ ನೀರಿರುವ ಕಿವಿಯೂ ಸರಿಯಿದ್ದಂತೆ ಕಾಣಬಹುದು. ನಾಳದ ಗೋಡೆ ಇನ್ನೂ ಮೆತ್ತಗಿರುತ್ತದೆ. ಅಲ್ಲಿ 1000 ಹರ್ಟ್ಸ್ ಬೇಕು.

ತಮಟೆಯ ಚಿತ್ರಗಳದ್ದೂ ಇದೇ ಗೋಳು. ಒಂದೊಂದೇ ಫೋಟೊ ಹೊಡೆಯುವ ಬದಲು ಹತ್ತು ಸೆಕೆಂಡ್ ವಿಡಿಯೊ ತೆಗೆದರೆ ಅದರಲ್ಲಿ ಒಂದಾದರೂ ಸ್ಪಷ್ಟ ಚೌಕಟ್ಟು ಸಿಗುತ್ತದೆ. ಓಟೋಸ್ಕೋಪ್ (ಕಿವಿಯೊಳಗೆ ನೋಡುವ ಉಪಕರಣ) ಹಿಡಿದ ಕೈಯ ಕಿರುಬೆರಳು ಮಗುವಿನ ಕೆನ್ನೆಗೆ ತಾಗಿರಲಿ, ತಲೆ ಸರಿದರೆ ಕೈಯೂ ಜೊತೆಗೇ ಸರಿಯುತ್ತದೆ. ದೊಡ್ಡ ಮಗುವಿನ ಹಾಗಲ್ಲ, ಕೂಸಿನ ಕಿವಿಯನ್ನು ಎಳೆಯಬೇಕಾದ್ದು ಕೆಳಕ್ಕೆ, ಹಿಂದಕ್ಕೆ. ಮಂಜು ಕಟ್ಟಿದರೆ ಲೆನ್ಸ್ ತಣ್ಣಗಿದೆ ಅಂತ ಲೆಕ್ಕ.

ಎಲ್ಲರೂ ದೂರುವುದು ಮಾತ್ರ ನೆಟ್‌ವರ್ಕನ್ನು! ಚಿತ್ರ, ಗೆರೆ, ಆಡಿಯೋಗ್ರಾಂ (ಎಷ್ಟು ಕೇಳಿಸುತ್ತದೆ ಅನ್ನುವ ನಕ್ಷೆ) ಮೂರನ್ನೂ ಉಳಿಸಿಟ್ಟು, ಸಿಗ್ನಲ್ ಬಂದಾಗ ಕಳಿಸಿದರೂ ನಡೆಯುತ್ತದೆ. ನೇರ ಸಂಪರ್ಕ ಬೇಕಾಗುವುದು, ಶಬ್ದಕ್ಕೆ ಮೆದುಳು ಹೇಗೆ ಸ್ಪಂದಿಸುತ್ತದೆ ಅಂತ ಅಳೆಯುವ ಎಬಿಆರ್‌ನಂಥ ಪರೀಕ್ಷೆಗೆ. ಅದರಲ್ಲೂ ಶಬ್ದ ಹೊಮ್ಮುವುದು, ಮೆದುಳಿನ ಅಲೆ ದಾಖಲಾಗುವುದು ಎರಡೂ ಮಗುವಿನ ಪಕ್ಕದ ಯಂತ್ರದಲ್ಲೇ; ದೂರದ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಕೈಗೆ ಬರುವುದು ಪರದೆ, ಮೌಸ್ ಅಷ್ಟೇ. ಸಂಪರ್ಕ ನಿಧಾನವಾದರೆ ತಾಳ್ಮೆ ಕೆಡುತ್ತದೆ, ಅಳತೆ ಕೆಡುವುದಿಲ್ಲ. ಅಳತೆ ಕೆಡಿಸುವುದು ಸರಿಯಾಗಿ ಉಜ್ಜದ ಚರ್ಮ (ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡಿನ ಇಂಪಿಡೆನ್ಸ್, ಅಂದರೆ ವಿದ್ಯುತ್ ತಡೆ, 5 ಕಿಲೋ ಓಮ್‌ಗಿಂತ ಕೆಳಗಿಳಿಯಬೇಕು), ಪಕ್ಕದಲ್ಲಿ ಸಿಕ್ಕಿಸಿಟ್ಟ ಫೋನ್ ಚಾರ್ಜರ್, ಅರ್ಧ ನಿದ್ದೆಯ ಕೂಸು. ಹಾಲು ಕುಡಿಸುವುದನ್ನು ಎಲೆಕ್ಟ್ರೋಡ್ ಅಂಟಿಸಿದ ಮೇಲೆ ಇಟ್ಟುಕೊಂಡರೆ ಒಳ್ಳೆಯದು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ.

ಅಲಾಸ್ಕಾದ 15 ಹಳ್ಳಿಗಳ ಶಾಲಾಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತಪಾಸಣೆಯಲ್ಲಿ ಕಿವಿಯ ತೊಂದರೆ ಇರಬಹುದು ಅಂತ ಕಂಡವರ ಪೈಕಿ, ಮನೆಗೆ ಪತ್ರ ಕಳಿಸುವ ಹಳೇ ಪದ್ಧತಿಯಲ್ಲಿ ಮುಂದಿನ ಪರೀಕ್ಷೆ ಆದದ್ದು 32.1% ಮಕ್ಕಳಿಗೆ, ಊರಿನಿಂದಲೇ ತಜ್ಞರಿಗೆ ಟೆಲಿಮೆಡಿಸಿನ್ ಮೂಲಕ ಕಳಿಸಿದಲ್ಲಿ 68.5%. ಅಂತರ ದೊಡ್ಡದೇ. ಆದರೆ ನನ್ನ ಕಣ್ಣು ಹೋಗುವುದು ಉಳಿದ ಮೂವತ್ತು ಚಿಲ್ಲರೆ ಕಡೆಗೆ.

ನೀರಿದ್ದರೆ ಸಾಮಾನ್ಯವಾಗಿ 3 ತಿಂಗಳು ಕಾದು ಮತ್ತೆ ನೋಡುವುದು. ಮಾತು ತಡವಾದ ಮಗು, ಸೀಳು ಅಂಗುಳಿನ ಮಗುವಾದರೆ ಅಷ್ಟು ಕಾಯುವಂತಿಲ್ಲ. ಆ 3 ತಿಂಗಳ ಪಟ್ಟಿ ಯಾರ ಹತ್ತಿರ ಇರಬೇಕು? ತಜ್ಞರ ಕಂಪ್ಯೂಟರಿನಲ್ಲಿದ್ದರೆ ಊರಿನಲ್ಲಿ ಮಗುವನ್ನು ಹುಡುಕುವವರಿಲ್ಲ. ಶಾಲೆಯಲ್ಲಿದ್ದರೆ ರಜೆಯಲ್ಲಿ ಬೀಗ. ಆರೋಗ್ಯ ಕಾರ್ಯಕರ್ತೆಯ ಪುಸ್ತಕದಲ್ಲಿದ್ದರೆ, ಅವರಿಗೆ ವರ್ಗವಾದ ದಿನ ಪಟ್ಟಿಯೂ ಹೋಯಿತು.