ಭಾಗಪತ್ರದಲ್ಲಿ ಹೆಸರಿಲ್ಲದವರು

ಮುಳಬಾಗಿಲು ಕಡೆಯ ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ಭಾಗಪತ್ರ ಇದೆ. ಯಾರಿಗೆ ಎಷ್ಟು ಗುಂಟೆ ಅನ್ನುವುದರ ಜೊತೆಗೆ ಬಾವಿ ನೀರಿನ ಲೆಕ್ಕವೂ ಅದರಲ್ಲಿದೆ. ಮೂವರು ಅಣ್ಣತಮ್ಮಂದಿರು ಸರದಿ ಪ್ರಕಾರ ಕಪಿಲೆ (ಎತ್ತುಗಳಿಂದ ಬಾವಿ ನೀರೆತ್ತುವ ಏರ್ಪಾಡು) ಕಟ್ಟಬೇಕು, ಬಾವಿಗೆ ಹೋಗುವ ದಾರಿಯನ್ನು ಯಾರೂ ಮುಚ್ಚಕೂಡದು. ಬರೆದವರು ಯಾರೋ ಗೊತ್ತಿಲ್ಲ, ಆದರೆ ಬುದ್ಧಿವಂತರು. ನೀರು ಹಂಚಿಕೊಂಡು ಬದುಕಬೇಕಾದ್ದು ಅಂತ ಅವರಿಗೆ ಗೊತ್ತಿತ್ತು.

ಬೋರ್‌ವೆಲ್ ಬಂದ ಮೇಲೆ ಈ ಸರದಿ ಹೋಯಿತು. ನನ್ನ ಜಮೀನು, ನನ್ನ ಬೋರ್, ನನ್ನ ಮೋಟಾರ್. ಕೆಳಗಿನ ಬಂಡೆಗೆ ನಮ್ಮ ಬದು ಎಲ್ಲಿದೆ ಅಂತ ಗೊತ್ತಾ? ಒಂದೇ ಬಿರುಕಿನಿಂದ ನಾಲ್ಕು ಜನ ಎಳೆಯುತ್ತೇವೆ, ಅಷ್ಟೇ.

ಕೋಲಾರ ಜಿಲ್ಲೆಯ ನೆಲ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ. ನಮಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಪೂರ್ತಿ ಗಟ್ಟಿ ಬಂಡೆ. ಮಳೆ ನೀರು ಇಂಗಿ ನಿಲ್ಲುವುದು ಮುಖ್ಯವಾಗಿ ಆ ಶಿಥಿಲ ಪದರದಲ್ಲಿ. ತೆರೆದ ಬಾವಿಗಳಲ್ಲಿ ಇದ್ದದ್ದು ಅದೇ ನೀರು. ಒಳ್ಳೆ ಮಳೆಯಾದರೆ ಕೆರೆ ತುಂಬುತ್ತಿತ್ತು, ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು. ಈಗ ಬೋರ್ ಕೊರೆಯುವಾಗ ಆ ಪದರ ಒಣಗಿರುತ್ತದೆ. ಅಲ್ಲಿಗೆ ಕೇಸಿಂಗ್ ಪೈಪ್ ಇಳಿಸಿ ಮುಂದಕ್ಕೆ ಹೋಗುತ್ತಾರೆ. ಸಾವಿರ ಅಡಿ ದಾಟಿದರೂ ಬರೀ ಧೂಳು. ಎಲ್ಲೋ ಒಂದು ಬಿರುಕು ಸಿಕ್ಕಿ ಎರಡಿಂಚು ನೀರು ಬಂದರೆ ತೆಂಗಿನಕಾಯಿ ಒಡೆಯುತ್ತೇವೆ.

ಅಷ್ಟು ಆಳದ ನೀರು ಹೋದ ವರ್ಷದ ಮಳೆಯದ್ದಲ್ಲ. ಎಷ್ಟೋ ತಲೆಮಾರಿನ ಹಿಂದೆ ಇಂಗಿದ್ದು. ಅದನ್ನು ನಾವು ಒಂದೆರಡು ಟೊಮ್ಯಾಟೊ ಬೆಳೆಗೆ ಮುಗಿಸುತ್ತಿದ್ದೇವೆ. ಮಗಳ ಹೆಸರಲ್ಲಿ ಇಟ್ಟ ಎಫ್‌ಡಿ ಮುರಿದು ದಿನಸಿ ತಂದ ಹಾಗೆ. ಇನ್ನೊಂದು ತೊಂದರೆ ಫ್ಲೋರೈಡ್. ಆಳದ ನೀರು ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದು ಅದನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನಮ್ಮ ಕಡೆ ಮೀರಿದ ಊರುಗಳು ಬೇಕಾದಷ್ಟಿವೆ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಯಾವ ರಿಪೋರ್ಟೂ ಬೇಡ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಬತ್ತಿದ ಬೋರ್‌ಗಳಲ್ಲಿ ನೀರು ಬಂತು ಅಂತ ಖುಷಿಪಟ್ಟವರನ್ನು ನಾನೇ ಕಂಡಿದ್ದೇನೆ. ಬೆಂಗಳೂರಿನವರು ಒಮ್ಮೆ ಬಳಸಿದ ಕಾವೇರಿ ನಮ್ಮೂರಿಗೆ ಬಂದಳು ಅಂತಲೂ ಹೇಳಬಹುದು, ತಮಾಷೆಗೆ. ಆದರೆ ಆ ನೀರನ್ನು ಎರಡೇ ಹಂತದಲ್ಲಿ ಶುದ್ಧೀಕರಿಸುತ್ತಾರೆ, ಉಳಿದ ಪೋಷಕಾಂಶ, ರೋಗಾಣುಗಳನ್ನು ತೆಗೆಯುವ ಮೂರನೇ ಹಂತ ಇಲ್ಲ. ಇಂದು ಕೆರೆಯಲ್ಲಿ ನಿಂತದ್ದು ನಾಳೆ ಅಂತರ್ಜಲ ಸೇರುತ್ತದೆ, ಅದನ್ನು ಕುಡಿಯುವವರು ಮುಂದಿನ ತಲೆಮಾರಿನವರು, ನಮ್ಮ ಭಾಗಪತ್ರದಲ್ಲಿ ಹೆಸರಿಲ್ಲದವರು. ನೀರು ಬರಲಿ, ಬೇಡ ಅನ್ನುವುದಿಲ್ಲ. ಮೂರನೇ ಹಂತವೂ ಆಗಿ ಬರಲಿ ಅಂತ ಕೇಳುವುದು ದುರಾಸೆ ಅಲ್ಲ ಅಲ್ವಾ?

ಅಂತರ್ಜಲ ಹೀರುವ ನೀಲಗಿರಿ ಮರ ಹೊಸದಾಗಿ ನೆಡಬಾರದು ಅಂತ 2017ರಲ್ಲಿ ಸರ್ಕಾರ ಆದೇಶ ಮಾಡಿತು. ಒಳ್ಳೆಯದೇ. ಬೋರ್ ಕೊರೆಯಲು ಅನುಮತಿ ಬೇಕು ಅನ್ನುವ 2011ರ ಕಾಯ್ದೆಯೂ ಇದೆ. ನಮ್ಮೂರಿಗೆ ರಾತ್ರಿ ಹೊತ್ತು ಬರುವ ರಿಗ್ ಲಾರಿಯ ಹಿಂದೆ ಆ ಅನುಮತಿ ಪತ್ರ ಬಂದದ್ದನ್ನು ನಾನಂತೂ ನೋಡಿಲ್ಲ.

ಊರಲ್ಲಿ ವ್ಯವಸಾಯ ನೋಡಿಕೊಳ್ಳುವುದು ನನ್ನ ತಮ್ಮ. ಈಚೆಗೆ ಇನ್ನೊಂದು ಬೋರ್ ಹಾಕಿಸೋಣ, ಸ್ವಲ್ಪ ದುಡ್ಡು ಹಾಕು ಅಂದ. ಆ ದುಡ್ಡಲ್ಲಿ ಮಳೆ ನೀರು ಹಿಡಿಯುವ ಕೃಷಿ ಹೊಂಡ ಮಾಡಿಸು, ಟೊಮ್ಯಾಟೊ ಅರ್ಧಕ್ಕೆ ಇಳಿಸಿ ರಾಗಿ, ಅವರೆ ಹಾಕು ಅಂದೆ. ಹೊಂಡ ಅಂದಿದ್ದಕ್ಕೆ ನಕ್ಕ. ನಮ್ಮ ಕಡೆ ಹೊಂಡಕ್ಕೂ ಬೋರ್ ನೀರೇ ತುಂಬಿಸಿಡುವವರಿದ್ದಾರಲ್ಲ!

"ಅಣ್ಣಾ, ನಾನೊಬ್ಬ ನಿಲ್ಲಿಸಿದ್ರೆ ಪಕ್ಕದ ಹೊಲದವರು ನಿಲ್ಲಿಸ್ತಾರಾ? ನಾನು ಉಳಿಸಿದ್ದು ಅವರ ಮೋಟಾರಿಗೆ ಹೋಗುತ್ತೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬ ಒಳ್ಳೆಯವನಾದರೆ ಸಾಲದು, ಬಂಡೆ ಎಲ್ಲರದ್ದೂ. ಹಾಗಾದರೆ ಪಂಚಾಯ್ತಿ ಮಟ್ಟದಲ್ಲೇ ಮತ್ತೆ ಸರದಿ ಬರಬೇಕು. ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯಲ್ಲಿ ಪಂಚಾಯ್ತಿವಾರು ನೀರಿನ ಬಜೆಟ್ ಮಾಡುವ ಕ್ರಮ ಇತ್ತು. ಮಳೆಯಿಂದ ಬಂದದ್ದೆಷ್ಟು, ಬೆಳೆಗೆ ಎಳೆದದ್ದೆಷ್ಟು ಅಂತ. ಆ ಲೆಕ್ಕವನ್ನು ಪ್ರತಿ ವರ್ಷ ಗ್ರಾಮಸಭೆಯಲ್ಲಿ ಜೋರಾಗಿ ಓದಬೇಕು. ಎಳೆದದ್ದು ಜಾಸ್ತಿಯಾದ ವರ್ಷ ಹೊಸ ಬೋರ್ ಇಲ್ಲ, ಯಾರಿಗೂ ಇಲ್ಲ. ಮುಂದಿನ ಗ್ರಾಮಸಭೆಗೆ ಬಂದು ಇದನ್ನೇ ಕೇಳುತ್ತೇನೆ ಅಂದೆ.

"ಕೇಳಣ್ಣ, ಬೇಡ ಅನ್ನಲ್ಲ. ಆದ್ರೆ ಟೊಮ್ಯಾಟೊ ರೇಟ್ ಜಾಸ್ತಿ ಇರೋವಾಗ ಸಭೆ ಇಟ್ಕೊಬೇಡಿ. ಎಲ್ಲರೂ ಕೋಲಾರ ಮಂಡಿಯಲ್ಲಿರ್ತಾರೆ, ನೀನೊಬ್ಬನೇ ಕೂತ್ಕೋಬೇಕಾಗುತ್ತೆ," ಅಂದ.