40 ಮೀಟರ್ ಲಂಬ ಆಂಟೆನಾ: 52 ಓಮ್‌ನಿಂದ 38ಕ್ಕೆ, ಅಲ್ಲಿಂದ 50ಕ್ಕೆ

7.1 ಮೆಗಾಹರ್ಟ್ಸ್‌ಗೆಂದು, ಅಂದರೆ ಹವ್ಯಾಸಿ ರೇಡಿಯೊದ 40 ಮೀಟರ್ ತರಂಗಾಂತರದ ಪಟ್ಟಿಗೆಂದು, ನಿಲ್ಲಿಸಿದ 10 ಮೀಟರ್ ಎತ್ತರದ ಅಲ್ಯೂಮಿನಿಯಂ ಕೊಳವೆಯ ಬುಡದಲ್ಲಿ ಮೊದಲ ವಾರ ನಾಲ್ಕೇ ರೇಡಿಯಲ್‌ಗಳು, ಅಂದರೆ ಬುಡದಿಂದ ಸುತ್ತಲೂ ನೆಲದ ಮೇಲೆ ಹರಡಿದ ತಂತಿಗಳು, ಇದ್ದವು. ಆಂಟೆನಾ 50 ಓಮ್‌ನ ಕೇಬಲ್ ಮತ್ತು ರೇಡಿಯೊಗೆ ಎಷ್ಟು ಹೊಂದುತ್ತದೆಂದು ಹೇಳುವ ಎಸ್‌ಡಬ್ಲ್ಯುಆರ್ (1 ಎಂದರೆ ಪೂರ್ಣ ಹೊಂದಿಕೆ) 1.05ರ ಆಸುಪಾಸಿನಲ್ಲಿದ್ದುದರಿಂದ ಕೆಲಸ ಮುಗಿಯಿತೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಆ ಸಾಲನ್ನು ಈಗ ಹೊಡೆದುಹಾಕಿದ್ದೇನೆ.

ಕಾಲು ತರಂಗಾಂತರದ ಲಂಬ ಆಂಟೆನಾದ ರೋಧ ಪರಿಪೂರ್ಣ ನೆಲದ ಮೇಲೆ ಸುಮಾರು 36 ಓಮ್ ಇರಬೇಕು. ನನ್ನದು 50ಕ್ಕೆ ಅಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಉಳಿದ ಓಮ್‌ಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಏಳಲೇಬೇಕಿತ್ತು. ಉತ್ತರಕ್ಕಾಗಿ ಆಂಟೆನಾದ ರೋಧವನ್ನೂ ರಿಯಾಕ್ಟೆನ್ಸನ್ನೂ (ಶಕ್ತಿಯನ್ನು ವ್ಯಯಿಸದೆ ಹಿಡಿದು ಹಿಂದಿರುಗಿಸುವ ಭಾಗ) ಬೇರೆಬೇರೆಯಾಗಿ ಅಳೆಯುವ ಉಪಕರಣ ವಿಎನ್‌ಎ ತೆಗೆದೆ. ಆದರೆ 18 ಮೀಟರ್ ಕೋಆಕ್ಸ್ ಕೇಬಲ್‌ನ ಈಚೆಯ ತುದಿಯಲ್ಲಿ ಓದಿದ ರೋಧ ಮತ್ತು ರಿಯಾಕ್ಟೆನ್ಸ್ ಆಂಟೆನಾದವಲ್ಲ, ಕೇಬಲ್ ತಾನೇ ಮಾರ್ಪಡಿಸಿ ಕೊಟ್ಟ ಅಂಕಿಗಳು. ಆದ್ದರಿಂದ ಓಪನ್, ಶಾರ್ಟ್ ಮತ್ತು 50 ಓಮ್ ಲೋಡ್ ಎಂಬ ಗೊತ್ತಾದ ಮೂರು ಮಾದರಿಗಳನ್ನೂ ಕೇಬಲ್‌ನ ಆಚೆಯ ತುದಿಗೇ ಜೋಡಿಸಿ ಕ್ಯಾಲಿಬ್ರೇಷನ್ ಮಾಡಿದೆ. ಆಮೇಲೂ ಕೇಬಲ್ ಮುಟ್ಟಿದರೆ ಅಂಕಿ ಕದಲುತ್ತಿತ್ತು. ಹೊರಕವಚದ ಮೇಲೆ ಹರಿಯುತ್ತಿದ್ದ ವಿದ್ಯುತ್ತನ್ನು ತಡೆಯಲು ಆಂಟೆನಾದ ಬುಡದಲ್ಲಿ ಫೆರೈಟ್ ಉಂಗುರಕ್ಕೆ 12 ಸುತ್ತು ಕೇಬಲ್ ಸುತ್ತಿದ ಬಳಿಕ ಅದು ನಿಂತಿತು. ಈ ಚೋಕ್ ಇಲ್ಲದೆ ತೆಗೆದ ಹಿಂದಿನ ಅಳತೆಗಳನ್ನೆಲ್ಲ ಕೈಬಿಟ್ಟೆ.

ಸರಿಯಾದ ಓದು 52 ಓಮ್. ರೇಡಿಯಲ್‌ಗಳನ್ನು 16ಕ್ಕೆ ಏರಿಸಿದಾಗ ಅದು 41ಕ್ಕೆ ಇಳಿಯಿತು, ಎಸ್‌ಡಬ್ಲ್ಯುಆರ್ 1.22ಕ್ಕೆ ಏರಿತು. ಅಂಕಿ ಕೆಟ್ಟಿತು, ಆಂಟೆನಾ ಸುಧಾರಿಸಿತು: 36ನ್ನು ಅಳೆದ ರೋಧದಿಂದ ಭಾಗಿಸುವ ಸ್ಥೂಲ ಲೆಕ್ಕದಲ್ಲಿ ಮೊದಲು ಶಕ್ತಿಯ ಶೇ. 69ರಷ್ಟು ಪ್ರಸಾರವಾಗುತ್ತಿದ್ದರೆ ಈಗ ಶೇ. 88ರಷ್ಟು, ಅಂದರೆ ಒಂದು ಡೆಸಿಬೆಲ್‌ನಷ್ಟು ಲಾಭ. ಮಣ್ಣನ್ನು ಬಿಸಿ ಮಾಡುತ್ತಿದ್ದ ರೋಧವೇ ನನ್ನ ‘ಉತ್ತಮ’ ಎಸ್‌ಡಬ್ಲ್ಯುಆರ್‌ಗೆ ಕಾರಣವಾಗಿತ್ತು.

1.22ನ್ನು ಹಾಗೆಯೇ ಬಿಟ್ಟಿದ್ದರೂ ಯಾವ ರೇಡಿಯೊವೂ ದೂರುತ್ತಿರಲಿಲ್ಲ; ಹೊಂದಿಸುವುದನ್ನು ಕಲಿಯಬೇಕೆಂಬ ಹಟದಿಂದ ಮಾತ್ರ ಮುಂದುವರಿದೆ. ಕೊಳವೆಯನ್ನು ಸ್ವಲ್ಪ ಗಿಡ್ಡವಾಗಿಸಿ ಕೆಪ್ಯಾಸಿಟಿವ್ ಮಾಡಿ (ರಿಯಾಕ್ಟೆನ್ಸ್ ಋಣವಾಗಿಸಿ), ಬುಡದಿಂದ ರೇಡಿಯಲ್‌ಗಳಿಗೆ ಒಂದು ಕಾಯಿಲ್ ಜೋಡಿಸುವುದು ನಾನು ಆರಿಸಿಕೊಂಡ ವಿಧಾನ. ಗಿಡ್ಡವಾದಾಗ ರೋಧ 41ರಿಂದ ಇನ್ನೂ ಇಳಿಯುತ್ತದೆ; ಅದನ್ನು 38 ಎಂದಿಟ್ಟುಕೊಂಡರೆ 50ನ್ನು 38ರಿಂದ ಭಾಗಿಸಿ, ಒಂದನ್ನು ಕಳೆದು ವರ್ಗಮೂಲ ತೆಗೆದಾಗ 0.56 ಬರುತ್ತದೆ. ಅದನ್ನು 38ರಿಂದ ಗುಣಿಸಿದರೆ ಬೇಕಾದ ಸರಣಿ ರಿಯಾಕ್ಟೆನ್ಸ್ ಋಣ 21 ಓಮ್. 50ನ್ನು ಅದೇ 0.56ರಿಂದ ಭಾಗಿಸಿದರೆ ಕಾಯಿಲ್‌ನದು 89 ಓಮ್, ಅಂದರೆ 2 ಮೈಕ್ರೊಹೆನ್ರಿ. ಕೊಳವೆಯೊಳಗೆ ಜಾರುವ ಒಳ ತುಂಡನ್ನು ಒಂದೊಂದು ಬೆರಳಿನಷ್ಟೇ ಒಳಕ್ಕೆ ತಳ್ಳುತ್ತಾ, ಪ್ರತಿ ಬಾರಿಯೂ ಅಳೆಯುತ್ತಾ, ಸುಮಾರು 35 ಸೆಂಟಿಮೀಟರ್ ಇಳಿಸಿದಾಗ ಆ ಜಾಗ ಸಿಕ್ಕಿತು.

ಕಾಯಿಲ್ 50 ಮಿಲಿಮೀಟರ್ ವ್ಯಾಸದ, 55 ಮಿಲಿಮೀಟರ್ ಉದ್ದದ 8 ಸುತ್ತು. ಸುತ್ತುಗಳನ್ನು ಕೊಂಚ ಹಿಗ್ಗಿಸಿ ಕುಗ್ಗಿಸಿದ ಮೇಲೆ 7.1ರಲ್ಲಿ 49 ಓಮ್ ರೋಧ ಸಿಕ್ಕಿತು, ರಿಯಾಕ್ಟೆನ್ಸ್ ಬಹುತೇಕ ಸೊನ್ನೆ. ಕಾಯಿಲ್ ಆಂಟೆನಾವನ್ನು ಏಕಮುಖ ವಿದ್ಯುತ್ತಿನ ಮಟ್ಟಿಗೆ ರೇಡಿಯಲ್‌ಗಳಿಗೆ ಸೇರಿಸುವುದರಿಂದ ಕೊಳವೆಯ ಮೇಲೆ ಸ್ಥಿರ ವಿದ್ಯುತ್ತು ಸೇರಿಕೊಳ್ಳದಿರುವುದು ಕೇಳದೆ ಬಂದ ಅನುಕೂಲ. ಮಳೆಯಲ್ಲಿ ನೆಲ ತೊಯ್ದ ದಿನ ಇದೇ ತುದಿಯಲ್ಲಿ, ಇದೇ ಕ್ಯಾಲಿಬ್ರೇಷನ್‌ನಲ್ಲಿ, ಮೊದಲು ಕಾಯಿಲ್ ಕಳಚಿ ಮತ್ತೆ ಅಳೆಯಬೇಕಿದೆ.