ದೊಡ್ಡ ಕಲಾವಿದರ ಜೊತೆ ಕೆಲಸ ಕಷ್ಟವಂತೆ, ಹೌದಾ?

ನಾನು ನಾಟಕಗಳಿಗೆ ಬೆಳಕು ಮಾಡುವವನು ಅಂತ ಗೊತ್ತಾದ ಕೂಡಲೇ ಜನ ಒಂದು ಪ್ರಶ್ನೆ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ತಂಡಕ್ಕೆ ಹೊಸದಾಗಿ ಬಂದ ಹುಡುಗರಂತೂ ಮೊದಲ ದಿನವೇ ಕೇಳುತ್ತಾರೆ. "ಅವರು ತುಂಬಾ ಕಿರಿಕ್ ಅಂತೆ, ಹೌದಾ ಸಾರ್?" 'ಅವರು' ಯಾರು ಅನ್ನೋದು ಮಾತ್ರ ಬದಲಾಗುತ್ತೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ನನಗೆ ಯಾವತ್ತೂ ಸಮಾಧಾನ ಆಗಿಲ್ಲ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಒಂದು ಕುರ್ಚಿಯ ವಿಷಯ ಹೇಳಬೇಕು.

ನಾನಾಗ ಹೊಸಬ. ಹೆಸರಾಂತ ನಟಿಯೊಬ್ಬರ ನಾಟಕಕ್ಕೆ ದೀಪ ಕಟ್ಟಲು ಹೋಗಿದ್ದೆ. ಪ್ರದರ್ಶನಕ್ಕೆ ಇನ್ನು ಒಂದು ಗಂಟೆ ಇತ್ತು. ಅವರು ರಂಗದ ಮೇಲೆ ಬಂದು ಕುರ್ಚಿ ನೋಡಿದರು. "ಇದನ್ನು ಯಾರು ಸರಿಸಿದ್ದು?" ಅಂತ ಜೋರಾಗಿಯೇ ಕೇಳಿದರು. ಕುರ್ಚಿ ಒಂದು ಗೇಣು ಆಚೆ ಹೋಗಿತ್ತು. ಅದು ಮತ್ತೆ ಗುರುತಿನ ಮೇಲೆ ಬರುವ ತನಕ ಅವರು ಅಲ್ಲಿಂದ ಕದಲಲಿಲ್ಲ, ಮೇಕಪ್ಪಿಗೂ ಹೋಗಲಿಲ್ಲ. ಮರುದಿನ ಕ್ಯಾಂಟೀನಿನಲ್ಲಿ ನನ್ನ ಕಿವಿಗೆ ಬಿದ್ದ ಸುದ್ದಿ, ಕುರ್ಚಿ ಸರಿಯಿಲ್ಲ ಅಂತ ಶೋ ನಿಲ್ಲಿಸಲು ಹೊರಟಿದ್ದರಂತೆ. ಒಂದು ವಾರದಲ್ಲಿ ಅದು ಕುರ್ಚಿ ಎತ್ತಿ ಎಸೆದರಂತೆ ಅಂತ ಆಗಿತ್ತು.

ಆ ಕುರ್ಚಿ ಸರಿಸಿದವನು ನಾನು. ಏಣಿ ಇಡಲು ಜಾಗ ಬೇಕಿತ್ತು, ಸರಿಸಿದೆ, ವಾಪಸ್ ಇಡಲು ಮರೆತೆ. ಆ ನಾಟಕದಲ್ಲಿ ಒಂದು ಕಡೆ ಪೂರ್ತಿ ಕತ್ತಲು ಮಾಡಬೇಕಿತ್ತು. ಆ ಕತ್ತಲಲ್ಲಿ ಅವರು ಸೈಡ್ ವಿಂಗ್‌ನಿಂದ ಎಂಟು ಹೆಜ್ಜೆ ಎಣಿಸಿಕೊಂಡು ಬಂದು ಕೂರಬೇಕು. ದೀಪ ಬಂದಾಗ ಬೆಳಗಿನಿಂದ ಅಲ್ಲೇ ಕೂತಿದ್ದಾರೇನೋ ಅನ್ನಿಸಬೇಕು. ಅರವತ್ತು ದಾಟಿದವರು. ಒಂದು ಗೇಣು ತಪ್ಪಿದ್ದರೆ ನೆಲಕ್ಕೆ ಬೀಳುತ್ತಿದ್ದರು. ಕ್ಯಾಂಟೀನಿನ ಕಥೆಯಲ್ಲಿ ಆ ಕತ್ತಲೂ ಇರಲಿಲ್ಲ, ಎಂಟು ಹೆಜ್ಜೆಯೂ ಇರಲಿಲ್ಲ.

ಗಾಳಿಮಾತು ಹುಟ್ಟುವುದೇ ಹೀಗೆ. ತಾಲೀಮಿಗೆ ಹೊರಗಿನವರು ಬರುವುದಿಲ್ಲ. ಹೊರಗೆ ಹೋಗುವುದು ಜೋರು ದನಿ ಮಾತ್ರ, ಅದರ ಕಾರಣ ಒಳಗೇ ಉಳಿಯುತ್ತೆ.

ಕರಾವಳಿಯ ಕಡೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿದ್ದೀರಾ? ತೆಂಕುತಿಟ್ಟು ಅನ್ನುವ ದಕ್ಷಿಣದ ಶೈಲಿಯಲ್ಲಿ ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸರಂಥ ಪಾತ್ರಕ್ಕೆ, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುತ್ತಾರೆ. ಚುಕ್ಕಿಯ ಮೇಲೆ ಚುಕ್ಕಿ, ಗಂಟೆಗಟ್ಟಲೆ ಕೆಲಸ. ಅದು ಒಣಗುವಾಗ ಬಾಯಿ ಅಗಲಿಸಿದರೆ ಬಿರುಕು ಬಿಡುತ್ತೆ. ಆ ಹೊತ್ತಿನಲ್ಲಿ ಅಭಿಮಾನಿ ಫೋನ್ ಹಿಡಿದು ಹೋಗಿ "ಒಂದು ಸೆಲ್ಫಿ, ಸ್ವಲ್ಪ ನಗಿ" ಅಂದರೆ ಕಲಾವಿದರು ಏನು ಮಾಡಬೇಕು? ತಿರುಗಿ ನೋಡಲಿಲ್ಲ, ಜಂಬ ಅಂತ ಹೇಳಿಕೊಂಡು ಹೋಗುವವರನ್ನು ನಾನೇ ನೋಡಿದ್ದೇನೆ. ಬೆಳಗಿನವರೆಗೆ ಕುಣಿಯಬೇಕಾದ ಮನುಷ್ಯ ಅವರು.

ಬೆಂಗಳೂರಿನ ರಂಗಶಂಕರ ರಂಗಮಂದಿರ 2004ರಲ್ಲಿ ಶುರುವಾಯಿತು. ಅಲ್ಲಿ ಹೇಳಿದ ಸಮಯಕ್ಕೆ ಬಾಗಿಲು ಹಾಕುತ್ತಾರೆ. ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ದಾಟಿ ಓಡಿ ಬಂದವರಿಗೆ ಬೇಜಾರಾಗುತ್ತೆ, ಅದು ನನಗೂ ಗೊತ್ತು. ಆದರೆ ಕತ್ತಲಲ್ಲಿ ಬಾಗಿಲು ಒಂದು ಸಲ ತೆರೆದರೆ ಒಳಗೆ ಬರುವ ಆ ಬಿಳಿ ಬೆಳಕು ಇಡೀ ದೃಶ್ಯ ಕೆಡಿಸುತ್ತೆ. ಬೆಳಕಿನವನಾಗಿ ಆ ನಿಯಮಕ್ಕೆ ನಾನು ಕೈಮುಗಿಯುತ್ತೇನೆ.

ಇನ್ನೊಂದು ವಿಷಯ. 'ಕಷ್ಟ' ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಇಬ್ರಾಹಿಂ ಅಲ್ಕಾಜಿ 1962ರಿಂದ 1977ರವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು. ಅವರ ಶಿಸ್ತಿನ ಬಗ್ಗೆ ಅವರ ವಿದ್ಯಾರ್ಥಿಗಳು ಇವತ್ತಿಗೂ ಹೇಳುತ್ತಾರೆ. ವೇಷಭೂಷಣದಿಂದ ಹಿಡಿದು ಸ್ವಚ್ಛತೆಯವರೆಗೆ ಎಲ್ಲದರ ಮೇಲೂ ಅವರ ಕಣ್ಣು. 1963ರಲ್ಲಿ ಫಿರೋಜ್ ಶಾ ಕೋಟ್ಲಾದ ಹಾಳುಕೋಟೆಯಲ್ಲಿ 'ಅಂಧಾ ಯುಗ್' ಅನ್ನುವ ಹಿಂದಿ ನಾಟಕ ಆಡಿಸಿದರು. ನಮ್ಮ ಕಾರ್ನಾಡರ 'ತುಘಲಕ್' ಅನ್ನು ಪುರಾನಾ ಕಿಲಾದಲ್ಲಿ ಆಡಿಸಿದರು. ಬಯಲಿನಲ್ಲಿ, ರಾತ್ರಿ, ಅಷ್ಟು ಅಗಲದ ಜಾಗದಲ್ಲಿ ಒಬ್ಬ ಅರ್ಧ ನಿಮಿಷ ತಡ ಮಾಡಿದರೆ ಏನಾಗುತ್ತೆ ಅಂತ ದೀಪ ಹಾಕುವ ನನಗೆ ಚೆನ್ನಾಗಿ ಗೊತ್ತು. ಅವರ ನಂತರ ಅದೇ ಕುರ್ಚಿಗೆ ಬಂದವರು ಬಿ.ವಿ. ಕಾರಂತರು, ಹುಡುಗನಾಗಿದ್ದಾಗ ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದವರು. ಅವರ ದಾರಿಯೇ ಬೇರೆ. ತಾಲೀಮಿನಲ್ಲಿ ಆಡುತ್ತಾ ಆಡುತ್ತಾ ನಾಟಕ ಕಟ್ಟುವುದು, ಅಲ್ಲೇ ಸಂಗೀತ ಹುಟ್ಟಿಸುವುದು. ಎಲ್ಲ ಮೊದಲೇ ಬರೆದು ಕೊಡಿ ಅನ್ನುವವರಿಗೆ ಕಾರಂತರ ಜೊತೆ ಕಷ್ಟ. ನನ್ನಷ್ಟಕ್ಕೆ ಬಿಡಿ ಅನ್ನುವವರಿಗೆ ಅಲ್ಕಾಜಿ ಕಷ್ಟ. ಯಾರಿಗೆ ಕಷ್ಟ ಆಯ್ತು ಅಂತ ಕೇಳದೆ ಬರೀ ಕಷ್ಟ ಅಂದರೆ ಏನೂ ತಿಳಿಯುವುದಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತೆ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರವೂ ಹೆಂಗಸರದೇ. ಕಂಸ, ಭೀಮನಂಥ ಪಾತ್ರಗಳನ್ನು ಅವರೇ ಮಾಡುತ್ತಿದ್ದರು. ಅಂಥವರು ಬದುಕಿದ ನಾಡಿನಲ್ಲಿ ಈಗಲೂ ನಟಿಯೊಬ್ಬರು "ನನ್ನ ಸಂಭಾವನೆ ಎಷ್ಟು, ಯಾವಾಗ ಕೊಡ್ತೀರಿ?" ಅಂತ ಕೇಳಿದರೆ ಸಾಕು, ಆಕೆ ಕಿರಿಕ್ ಆಗಿಬಿಡುತ್ತಾರೆ. ರಾತ್ರಿ ತಾಲೀಮು ಮುಗಿದ ಮೇಲೆ ಮನೆಗೆ ಬಿಡಲು ಗಾಡಿ ಕೇಳಿದರೂ ಅಷ್ಟೇ. ಅದೇ ಮಾತು ನಟ ಕೇಳಿದರೆ "ಅವರು ಪ್ರೊಫೆಷನಲ್ ಕಣ್ರೀ" ಅನ್ನುತ್ತಾರೆ. ಎರಡೂ ಮಾತನ್ನು ಒಬ್ಬರದೇ ಬಾಯಲ್ಲಿ ಕೇಳಿದ್ದೇನೆ.

ಹಾಗಂತ ಎಲ್ಲ ದೂರೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಂದು ತಂಡದಲ್ಲಿ ನಿರ್ದೇಶಕರೊಬ್ಬರು ಹುಡುಗರ ಜಾತಿ ಹಿಡಿದು ಹಂಗಿಸುತ್ತಿದ್ದರು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಸುತ್ತ ಇದ್ದವರು "ಪ್ರತಿಭಾವಂತರು ಹಾಗೇ ಇರ್ತಾರೆ, ಸಹಿಸ್ಕೋಬೇಕು" ಅಂತಿದ್ದರು. ನಾನು ನಾಲ್ಕು ತಿಂಗಳು ಸಹಿಸಿಕೊಂಡೆ. ಸಹಿಸಬಾರದಿತ್ತು. ಆ ಎಸೆತದಿಂದ ಯಾವ ದೃಶ್ಯವೂ ಒಂದು ಕೂದಲಷ್ಟು ಚೆನ್ನಾಗಿ ಆಗಲಿಲ್ಲ. ಹುಡುಗರು ಹೆದರಿ ಮಾತು ಮರೆಯುತ್ತಿದ್ದರು, ಅಷ್ಟೇ.

ಲೈಂಗಿಕ ಕಿರುಕುಳವನ್ನಂತೂ ಗಾಸಿಪ್ ಜೊತೆ ಸೇರಿಸಲೇಬಾರದು. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ಸಂಬಳವಿಲ್ಲದೆ ಸ್ವಂತ ಇಚ್ಛೆಯಿಂದ ಕೆಲಸ ಮಾಡುವವರೂ ಉದ್ಯೋಗಿಗಳೇ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಇಲ್ಲದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹವ್ಯಾಸಿ ತಂಡಗಳಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಹುಡುಗಿಯೊಬ್ಬಳು ಹೀಗಾಯ್ತು ಅಂತ ನೇರವಾಗಿ ಬಂದು ಹೇಳಿದರೆ ಅದು ದೂರು. "ಅಯ್ಯೋ, ದೊಡ್ಡವರ ಮೇಲೆ ಇಂಥದ್ದೆಲ್ಲ ಹಬ್ಬಿಸ್ತಾರೆ ಬಿಡಿ" ಅಂತ ಹೇಳಿ, ನಾನು ಮೇಲೆ ಗಾಳಿಮಾತಿನ ಬಗ್ಗೆ ಬರೆದದ್ದನ್ನು ಯಾರೂ ಅವಳ ಬಾಯಿ ಮುಚ್ಚಿಸಲು ಬಳಸಬೇಡಿ.

ಹೋದ ತಿಂಗಳು ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ದೊಡ್ಡ ನಿರ್ದೇಶಕರೊಬ್ಬರು ಕರೆದಿದ್ದಾರೆ, ತುಂಬಾ ಕಷ್ಟದ ಮನುಷ್ಯ ಅಂತಾರೆ, ಹೋಗಲಾ ಬೇಡವಾ ಅಂದ. ಹೋಗು, ಮೂರು ದಿನ ಬಿಟ್ಟು ಫೋನ್ ಮಾಡು ಅಂದೆ. ಮಾಡಿದ. ಒಂದೇ ಪ್ರವೇಶವನ್ನು ಹದಿನಾಲ್ಕು ಸಲ ಮಾಡಿಸಿದರಂತೆ, ಕಾಲು ಬಿದ್ದುಹೋಗಿದೆಯಂತೆ.

"ಯಾಕೆ ಅಂತ ಹೇಳಿದ್ರಾ?" ಅಂತ ಕೇಳಿದೆ.

"ಹೇಳಿದ್ರು ಸಾರ್. ಪ್ರತಿ ಸಲ ಹೇಳಿದ್ರು."

"ಕಡೇ ಸಲ ಸರಿ ಬಂತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಂತು ಸಾರ್" ಅಂದ. ನಾಳೆ ಎಷ್ಟು ಗಂಟೆಗೆ ತಾಲೀಮು ಅಂತ ಕೇಳಿದೆ. ಆರಕ್ಕೆ ಅಂದ. ಐದೂವರೆಗೇ ಹೋಗು ಅಂದೆ.